ಗೋಕಾವಿ ಸೀಮೆಯ ಥಂಡಿ ರಾತ್ರಿಗಳು

ಡಿಸೆಂಬರ್ ಬಂತೆಂದರೆ ಗೋಕಾಕ ಫಾಲ್ಸ್‌ನಲ್ಲಿ ನೀರು ಸಣ್ಣದಾಗುತ್ತದೆ. ಜುಲೈ, ಆಗಸ್ಟಿನಲ್ಲಿ 52 ಮೀಟರ್ ಎತ್ತರದಿಂದ ಕೆಂಪಗೆ ಧುಮುಕಿ, ಎದುರು ನಿಂತವನ ಮಾತು ಅವನಿಗೇ ಕೇಳದಂತೆ ಮಾಡಿದ್ದ ಘಟಪ್ರಭೆ ಈಗ ಬಂಡೆಯ ಸಂದುಗಳಲ್ಲಿ ನಾಕಾರು ಎಳೆಗಳಾಗಿ ಇಳಿಯುತ್ತಾಳೆ. ಮಳೆಗಾಲದಲ್ಲಿ ನೀರಿನಡಿ ಮುಚ್ಚಿಹೋಗಿದ್ದ ಕಲ್ಲಿನ ಪದರುಗಳು ಒಂದೊಂದಾಗಿ ಎದ್ದು ಕಾಣುತ್ತವೆ. ದಂಡೆಯ ಮೇಲಿನ ಹಳೆಯ ಮಹಾಲಿಂಗೇಶ್ವರ ಗುಡಿಯ ಗಂಟೆ ಆಚೆ ದಂಡೆಗೂ ಕೇಳಿಸುತ್ತದೆ. ಈ ನೀರಿನ ಬಲ ನಂಬಿಕೊಂಡು 1887ರಲ್ಲಿ ತಿರುಗಲು ಶುರುಮಾಡಿದ ನೂಲಿನ ಗಿರಣಿ, ಅದರ ಕಲ್ಲಿನ ಗೋಡೆಗಳು, ನದಿಯ ಮೇಲಿನ ತೂಗುಸೇತುವೆ, ಎಲ್ಲವೂ ಚಳಿಗಾಲದ ಇಳಿಬಿಸಿಲಲ್ಲಿ ಸ್ಪಷ್ಟವಾಗಿ ನಿಂತಿರುತ್ತವೆ. ದೂರದಿಂದ ಕಾರು ಮಾಡಿಕೊಂಡು ಬಂದವರು ಕೆಳಗೆ ಇಣುಕಿ, "ನೀರ ಇಲ್ಲಲ್ರೀ" ಎಂದು ಎರಡು ಫೋಟೊ ತೆಗೆದುಕೊಂಡು ಹೊರಟುಬಿಡುತ್ತಾರೆ.

ಹೊರಡಬೇಡಿ ಎಂದು ಹೇಳುವುದಕ್ಕೇ ನಾನು ಇದನ್ನು ಬರೆಯುತ್ತಿದ್ದೇನೆ. ಮಳೆಗಾಲದಲ್ಲಿ ಈ ಸೀಮೆಗೆ ಬಂದವರು ನೀರು ನೋಡಿ ಹೋಗುತ್ತಾರೆ. ದೀಪಾವಳಿಯಿಂದ ಶಿವರಾತ್ರಿಯವರೆಗಿನ ಥಂಡಿ ದಿನಗಳಲ್ಲಿ ಬಂದವರಿಗೆ ಈ ಸೀಮೆ ಹಾಡಿ ತೋರಿಸುತ್ತದೆ. ಗೋಕಾವಿ ಎಂದೂ ಕರೆಯುವ ಗೋಕಾಕ, ಅದರಿಂದ ಬೇರೆಯಾಗಿ 2018ರಲ್ಲಿ ಹೊಸ ತಾಲ್ಲೂಕಾದ ಮೂಡಲಗಿ, ಪಡುವಣಕ್ಕೆ ಹುಕ್ಕೇರಿ. ಘಟಪ್ರಭೆ ಮತ್ತು ಅವಳಿಗೆ ಬಂದು ಸೇರುವ ಹೊಳೆಗಳು ನೀರುಣಿಸುವ ಈ ಮೂರು ತಾಲ್ಲೂಕುಗಳಲ್ಲಿ ಚಳಿಗಾಲವೆಂದರೆ ರಾಶಿಯ ಕಾಲ, ಕಬ್ಬು ಕಡಿಯುವ ಕಾಲ, ಜಾತ್ರೆಯ ಕಾಲ, ಕಿಸೆಯಲ್ಲಿ ನಾಕು ಕಾಸು ಓಡಾಡುವ ಕಾಲ. ರಾತ್ರಿಗಳೂ ಉದ್ದ. ಹಾಡಿಗೆ ಬೇಕಾದ್ದು ಇಷ್ಟೇ.

ಮೊದಲು ಕಿವಿಗೆ ಬೀಳುವುದು ರಸ್ತೆಯ ಹಾಡು. ನವೆಂಬರಿನಲ್ಲಿ ಸಕ್ಕರೆ ಕಾರ್ಖಾನೆಗಳು ಅರೆಯಲು ಶುರುಮಾಡುತ್ತವೆ. ಸಂಕೇಶ್ವರದ ಹಿರಣ್ಯಕೇಶಿ ಸಹಕಾರಿ ಕಾರ್ಖಾನೆಯ ದಾರಿಯಿರಲಿ, ಮೂಡಲಗಿ ಕಡೆಯ ಕಾರ್ಖಾನೆಗಳ ದಾರಿಯಿರಲಿ, ಸಂಜೆ ಐದರ ನಂತರ ಕಬ್ಬಿನ ಟ್ರ್ಯಾಕ್ಟರುಗಳದ್ದೇ ಸಾಮ್ರಾಜ್ಯ. ಒಂದೊಂದು ಎಂಜಿನ್ನಿಗೆ ಎರಡೆರಡು ಟ್ರೇಲರು, ಅವುಗಳ ಅಂಚು ದಾಟಿ ಹೊರಚಾಚಿದ ಕಬ್ಬಿನ ಸೋಗೆ, ಮುಂದಿನ ಬಾನೆಟ್ಟಿನ ಮೇಲೆ ಪ್ಲಾಸ್ಟಿಕ್ ಹೂವಿನ ಹಾರ, ತಲೆಯ ಮೇಲೆ ಬಣ್ಣಬಣ್ಣದ ಸಣ್ಣ ದೀಪಗಳು. ಡ್ರೈವರಿನ ಸೀಟಿನ ಎರಡೂ ಕಡೆ ದೊಡ್ಡ ಸ್ಪೀಕರುಗಳು. ಹಾಡು ಮೊದಲು ಬರುತ್ತದೆ, ಟ್ರ್ಯಾಕ್ಟರು ಆಮೇಲೆ ಕಾಣಿಸುತ್ತದೆ.

ಈ ಹಾಡುಗಳನ್ನು ಕೇಳಿ ಮೂಗು ಮುರಿಯುವವರಿದ್ದಾರೆ. ನನಗೆ ಹಾಗೆ ಅನ್ನಿಸಿಲ್ಲ. ಡ್ರೈವರನ ಪ್ರೀತಿ, ಅವನನ್ನು ಬಿಟ್ಟು ನೌಕರಿಯವನನ್ನು ಮದುವೆಯಾದ ಹುಡುಗಿ, ತೀರದ ಸಾಲ, ಗೆಳೆಯರ ಗತ್ತು ಈ ಹಾಡುಗಳ ಸರಕು. ರಾಯಬಾಗ ತಾಲ್ಲೂಕಿನ ನಿಪನಾಳದ ಮಾಳು ಎಂಬ ಯುವಕ ಹಾಡಿದ ಡ್ರೈವರನ ಹಾಡು ಈಚಿನ ವರ್ಷಗಳಲ್ಲಿ ಬೆಂಗಳೂರಿನ ಮದುವೆ ಮಂಟಪಗಳವರೆಗೂ ಹೋಯಿತು. ಕಂಪ್ಯೂಟರಿನಲ್ಲಿ ಕೂಡಿಸಿದ ಆ ತಾಳವನ್ನು ಸ್ವಲ್ಪ ಗಮನವಿಟ್ಟು ಕೇಳಿದರೆ ಒಳಗೆ ಡೊಳ್ಳಿನ ಪೆಟ್ಟಿದೆ, ಹಲಗಿಯ ಉರುಳಿದೆ. ರಾಗದ ಎತ್ತುಗಡೆಯಲ್ಲಿ ಭಜನಾ ಪದದ ನೆನಪಿದೆ. ಗದ್ದೆಯಿಂದ ಕಾರ್ಖಾನೆಯವರೆಗೆ, ಅಲ್ಲಿ ಸರದಿಯಲ್ಲಿ ಹತ್ತಾರು ತಾಸು ನಿಂತು ಕಾಯುವ ಹುಡುಗನಿಗೆ ನಿದ್ದೆ ಹತ್ತದಂತೆ ನೋಡಿಕೊಳ್ಳುವುದು ಈ ಹಾಡೇ. ದುಡಿಮೆಯ ಜತೆಗೇ ಹುಟ್ಟಿದ ಹಾಡನ್ನು ಈ ಸೀಮೆ ಯಾವತ್ತೂ ಕೀಳೆಂದದ್ದಿಲ್ಲ. ಬೀಸುಕಲ್ಲಿನ ಮುಂದಿನ ಹಾಡನ್ನು ನಾವು ಈಗ ಪುಸ್ತಕದಲ್ಲಿ ಅಚ್ಚು ಹಾಕಿ ಮೆಚ್ಚುತ್ತೇವೆ. ಟ್ರ್ಯಾಕ್ಟರಿನ ಮೇಲಿನ ಹಾಡಿಗೂ ಒಂದು ಕಿವಿ ಕೊಡಬೇಕು.

ರಸ್ತೆಯಿಂದ ಇಳಿದು ಹೊಲದ ಕಡೆ ನಡೆದರೆ ಎಲ್ಲಿಂದಲೋ ಬೆಲ್ಲದ ವಾಸನೆ ಬರುತ್ತದೆ. ಎಲ್ಲ ಕಬ್ಬೂ ಕಾರ್ಖಾನೆಗೆ ಹೋಗುವುದಿಲ್ಲ. ಕೆಲವರು ಇನ್ನೂ ಗಾಣ ಹೂಡುತ್ತಾರೆ. ದೊಡ್ಡ ಕೊಪ್ಪರಿಗೆಯಲ್ಲಿ ಹಾಲು ಕುದಿಯುತ್ತಿರುತ್ತದೆ. ಇಲ್ಲಿ ಕಬ್ಬಿನ ರಸವನ್ನು ಹಾಲು ಎಂದೇ ಕರೆಯುವುದು. ಒಣಗಿದ ಸಿಪ್ಪೆಯೇ ಒಲೆಗೆ ಉರುವಲು. ನೊರೆ ತೆಗೆದು, ಪಾಕ ಹದಕ್ಕೆ ಬಂದಾಗ ಇಳಿಸಿ, ತಿರುವಿ, ಅಚ್ಚಿಗೆ ಸುರಿಯುತ್ತಾರೆ. ಅಪರಿಚಿತನೊಬ್ಬ ಗಾಣದ ಹತ್ತಿರ ಬಂದು ನಿಂತರೆ, "ಬರ್ರಿ ಅಣ್ಣಾರ, ಹಾಲ ಕುಡೀರಿ" ಎಂಬ ಮಾತು ಬರದೆ ಇರುವುದಿಲ್ಲ. ಕೈಗೆ ಚೆಂಬೇ ಬರುತ್ತದೆ. ಪೂರ್ತಿ ಕುಡಿಯದೆ ಬಿಡುವ ಹಾಗಿಲ್ಲ. ಒಲೆಯ ಬಾಯಿಗೆ ಬೆನ್ನು ಮಾಡಿ ಕುಳಿತ ಮುದುಕನೊಬ್ಬ ತತ್ವಪದ ಗುನುಗುತ್ತಿದ್ದರೆ, ಅದು ಶರೀಫರದೋ ಕಡಕೋಳ ಮಡಿವಾಳಪ್ಪನವರದೋ ಎಂದು ಕೇಳಿನೋಡಿ. ಪದದ ಜತೆ ಅದರ ಅರ್ಥವೂ ಬರುತ್ತದೆ, ಅರ್ಥದ ಬೆನ್ನಿಗೆ ಇನ್ನೊಂದು ಪದವೂ ಬರುತ್ತದೆ.

ಸಂಜೆಯ ಹಾಡು ಗುಡಿಯದು. ಕಾರ್ತಿಕ ಮಾಸ ಪಂಚಾಂಗದ ಪ್ರಕಾರ ಮುಗಿದರೂ ಈ ಕಡೆ ಕಾರ್ತೀಕ ಹಚ್ಚುವುದು ಮುಗಿಯುವುದಿಲ್ಲ. ಒಂದೊಂದು ಊರಿನ ಹನುಮಪ್ಪನಿಗೆ, ಬಸವಣ್ಣನಿಗೆ, ಲಕ್ಕವ್ವನಿಗೆ ಒಂದೊಂದು ದಿನ. ಮನೆಮನೆಯಿಂದ ಎಣ್ಣೆ ತಂದು ಪಣತಿಗೆ ಹಾಕುತ್ತಾರೆ. ದೀಪ ಹಚ್ಚಿದ ಮೇಲೆ ಕಟ್ಟೆಯ ಮೇಲೆ ಜಮಖಾನೆ ಹಾಸಿ ಭಜನೆಯವರು ಕೂರುತ್ತಾರೆ. ಹಾರ್ಮೋನಿಯಂ, ತಬಲಾ, ಏಕತಾರಿ, ನಾಕೈದು ಜೋಡಿ ತಾಳ, ಒಂದು ದಮ್ಮಡಿ. ಹಾಡುವವರಲ್ಲಿ ಹಗಲು ಪೂರ್ತಿ ಕಬ್ಬು ಕಡಿದವನಿದ್ದಾನೆ, ಕಿರಾಣಿ ಅಂಗಡಿಯವನಿದ್ದಾನೆ, ಪ್ರಾಥಮಿಕ ಶಾಲೆಯ ಮಾಸ್ತರರಿದ್ದಾರೆ, ನೀಲಗಾರ ಮನೆತನದ ಮುದುಕನಿದ್ದಾನೆ. ಯಾರೂ ದುಡ್ಡಿಗೆ ಹಾಡುವುದಿಲ್ಲ. ಹತ್ತು ಗಂಟೆಗೆ ಚಹಾ, ಒಂದು ಗಂಟೆಗೆ ಮತ್ತೆ ಚಹಾ, ಬೆಳಗಿನ ಜಾವ ಮಂಗಳಾರತಿ. ನಡುವೆ ಸವಾಲು-ಜವಾಬು. ಒಬ್ಬರು ಪದದಲ್ಲಿ ಒಗಟು ಇಟ್ಟರೆ ಎದುರು ಮೇಳದವರು ಪದದಲ್ಲೇ ಬಿಡಿಸಬೇಕು. ಬಿಡಿಸಲಾಗದಿದ್ದರೆ ಕಟ್ಟೆಯ ಸುತ್ತ ಕೂತವರು ಅವರನ್ನು ಸುಮ್ಮನೆ ಬಿಡುವುದಿಲ್ಲ.

ಹುಕ್ಕೇರಿ, ಸಂಕೇಶ್ವರದ ಕಡೆ ಹೋದಂತೆ ಭಜನೆಯ ನಾದ ಬದಲಾಗುತ್ತದೆ. ಪಖವಾಜ ಬರುತ್ತದೆ, ಕೊರಳಲ್ಲಿ ತುಳಸಿಮಾಲೆ ಹಾಕಿದವರು ಬರುತ್ತಾರೆ, ಅಭಂಗ ಶುರುವಾಗುತ್ತದೆ. ಕಾರ್ತಿಕ ಏಕಾದಶಿಗೆ ಪಂಢರಪುರಕ್ಕೆ ನಡೆದುಹೋಗಿ ಬಂದವರ ಕಾಲಿನ ಧೂಳು ಇನ್ನೂ ಆರಿರುವುದಿಲ್ಲ. ವಿಠ್ಠಲನ ಹೆಸರನ್ನು ಒಂದು ಪದದಲ್ಲಿ ಮರಾಠಿಯಲ್ಲಿ ಕರೆದವರು ಮುಂದಿನ ಪದದಲ್ಲಿ ಕನ್ನಡದಲ್ಲಿ ಕರೆಯುತ್ತಾರೆ. ದಾಸರ ಪದಕ್ಕೂ ತುಕಾರಾಮರ ಅಭಂಗಕ್ಕೂ ಅದೇ ತಾಳ, ಅದೇ ಕೊರಳು. ಗಡಿಯ ಜಗಳ ಪತ್ರಿಕೆಯ ಮುಖಪುಟಕ್ಕೆ ಬಂದ ದಿನವೂ ಈ ಭಜನೆ ನಿಂತದ್ದಿಲ್ಲ. ಹೊರಗಿನವರು ಇದನ್ನು ಕಣ್ಣಾರೆ ನೋಡಬೇಕೆಂಬುದು ನನ್ನ ಆಸೆ.

ಸಂಗೀತ ಈ ದಾರಿಯಲ್ಲಿ ಬಂದುಹೋಗಿ ಮಾಡಿದ್ದು ಬಹಳ ಕಾಲದಿಂದ. ಮೀರಜಿನಿಂದ ಬೆಳಗಾವಿಗೆ, ಮುಂದೆ ಲೋಂಡಾಕ್ಕೆ ಹೋಗುವ ರೈಲು ಘಟಪ್ರಭಾ ಮತ್ತು ಗೋಕಾಕ ರೋಡ್ ನಿಲ್ದಾಣಗಳನ್ನು ದಾಟುತ್ತದೆ. ಸಿತಾರು, ತಂಬೂರಿ ಮಾಡುವ ಮೀರಜು ಒಂದು ತುದಿಗಾದರೆ ಧಾರವಾಡ, ಕುಂದಗೋಳಗಳು ಇನ್ನೊಂದು ತುದಿಗೆ. ಕಿರಾಣಾ ಘರಾನೆಯ ಅಬ್ದುಲ್ ಕರೀಂಖಾನರು ಮೀರಜಿನಲ್ಲಿ ನೆಲೆಸಿದ್ದರು. ಅವರ ಶಿಷ್ಯ ಸವಾಯಿ ಗಂಧರ್ವರು ಕುಂದಗೋಳದವರು. ಗುರುವಿನ ಊರಿಗೂ ಶಿಷ್ಯನ ಊರಿಗೂ ನಡುವೆ ನಮ್ಮ ಸೀಮೆ. ಬೆಳಗಾವಿಯ ಹತ್ತಿರದ ಸುಳೇಭಾವಿಯಲ್ಲಿ 1924ರಲ್ಲಿ ಕುಮಾರ ಗಂಧರ್ವರು ಹುಟ್ಟಿದರು. ಅದೇ ವರ್ಷದ ಡಿಸೆಂಬರಿನ ಚಳಿಯಲ್ಲಿ ಬೆಳಗಾವಿಯಲ್ಲಿ ಗಾಂಧೀಜಿ ಅಧ್ಯಕ್ಷತೆಯ ಕಾಂಗ್ರೆಸ್ ಅಧಿವೇಶನ ನಡೆದಾಗ ಸ್ವಾಗತದ ಹಾಡು ಹಾಡಿದವರಲ್ಲಿ ಪುಟ್ಟ ಬಾಲೆ ಗಂಗೂಬಾಯಿ ಹಾನಗಲ್ಲರೂ ಇದ್ದರು. ಆ ಅಧಿವೇಶನಕ್ಕೆ ಸೇವಾದಳದ ಸ್ವಯಂಸೇವಕರನ್ನು ಕಟ್ಟಿ ನಿಲ್ಲಿಸಿದ ಡಾ. ನಾ.ಸು. ಹರ್ಡೀಕರರು ಆಮೇಲೆ ಘಟಪ್ರಭಾ ಪಟ್ಟಣವನ್ನೇ ತಮ್ಮ ಊರು ಮಾಡಿಕೊಂಡರು.

ಇನ್ನು ಪಾರಿಜಾತ. ಇದಕ್ಕೆ ಸ್ವಲ್ಪ ಪುರಸೊತ್ತು ಮಾಡಿಕೊಂಡು ಕೂರಬೇಕು.

ಮೂಡಲಗಿ ತಾಲ್ಲೂಕಿನ ಕುಲಗೋಡ ದೊಡ್ಡ ಊರೇನಲ್ಲ. ಆದರೆ ಉತ್ತರ ಕರ್ನಾಟಕದ ರಂಗಭೂಮಿಯ ಮಾತು ಬಂದಾಗಲೆಲ್ಲ ಈ ಊರಿನ ಹೆಸರು ಬರುತ್ತದೆ. ಅಪರಾಳ ತಮ್ಮಣ್ಣ ಬರೆದ ಶ್ರೀಕೃಷ್ಣ ಪಾರಿಜಾತವನ್ನು ಕೈಗೆತ್ತಿಕೊಂಡು ಅದಕ್ಕೆ ಆಟದ ರೂಪ ಕೊಟ್ಟು ಕುಣಿಸಿದವನು ಕುಲಗೋಡ ತಮ್ಮಣ್ಣ. ಕಥೆ ಎಲ್ಲರಿಗೂ ಗೊತ್ತಿರುವುದೇ. ನಾರದ ಸ್ವರ್ಗದ ಒಂದು ಪಾರಿಜಾತದ ಹೂ ತಂದು ಕೃಷ್ಣನ ಕೈಗೆ ಕೊಡುತ್ತಾನೆ. ಕೃಷ್ಣ ಅದನ್ನು ರುಕ್ಮಿಣಿಗೆ ಮುಡಿಸುತ್ತಾನೆ. ಸುದ್ದಿ ಸತ್ಯಭಾಮೆಗೆ ಮುಟ್ಟುತ್ತದೆ. ಮುಂದಿನದೆಲ್ಲ ಅವಳ ಸಿಟ್ಟು, ಅವಳ ವಿರಹ, ಅವಳನ್ನು ಸಮಾಧಾನ ಮಾಡಲು ಕೃಷ್ಣ ಪಡುವ ಪಾಡು. ಒಂದು ಹೂವಿನ ಸುತ್ತ ಇಡೀ ರಾತ್ರಿ ಕಳೆಯುತ್ತದೆ.

ರಾತ್ರಿ ಹತ್ತರ ಸುಮಾರಿಗೆ ಊರ ನಡುವಿನ ಬಯಲಲ್ಲಿ ಹಂದರ ಸಿದ್ಧವಾಗಿರುತ್ತದೆ. ಅಟ್ಟ ಎತ್ತರವೇನಿಲ್ಲ, ಮುಂದಿನ ಸಾಲಿನಲ್ಲಿ ಕೂತ ಮಗು ಕೈ ಚಾಚಿದರೆ ಗೆಜ್ಜೆ ಮುಟ್ಟಬಹುದು. ಹಿಂದೆ ಒಂದು ಬಣ್ಣದ ಪರದೆ. ಬದಿಗೆ ಹಾರ್ಮೋನಿಯಂ, ತಬಲಾ, ತಾಳದವರು. ಪ್ರೇಕ್ಷಕರು ಊಟ ಮುಗಿಸಿ ಒಬ್ಬೊಬ್ಬರೇ ಬರುತ್ತಾರೆ. ಗಂಡಸರ ಹೆಗಲಲ್ಲಿ ಕಂಬಳಿ, ಕಿವಿಗೆ ಸುತ್ತಿದ ಮಫ್ಲರು. ಹೆಂಗಸರು ಸೀರೆಯ ಚೂರುಗಳನ್ನು ಸೇರಿಸಿ ಹೊಲಿದ ಕೌದಿಗಳನ್ನು ಹೊತ್ತು ತಂದು, ಅರ್ಧ ಹಾಸಿ, ಅರ್ಧದಲ್ಲಿ ಮಕ್ಕಳನ್ನು ಸುತ್ತಿ ಕೂರುತ್ತಾರೆ. ಪರಸ್ಥಳದವನೆಂದು ಗೊತ್ತಾದರೆ ಯಾವುದೋ ಅಜ್ಜಿ, "ಬಾ ತಮ್ಮಾ, ಇಲ್ಲಿ ಕುಂಡ್ರ, ನೆಲಾ ಥಂಡಿ ಐತಿ" ಎಂದು ಕೌದಿಯ ಒಂದು ಅಂಚನ್ನು ಬಿಟ್ಟುಕೊಡುತ್ತಾಳೆ. ಆ ಜಾಗಕ್ಕೆ ಸಮನಾದ ಜಾಗ ಯಾವ ಸಭಾಂಗಣದಲ್ಲೂ ಸಿಗಲಾರದು.

ಗಣಪತಿಯ ಸ್ತುತಿಯಿಂದ ಶುರು. ಆಮೇಲೆ ಭಾಗವತ ಬರುತ್ತಾನೆ. ಇವನ ಕೆಲಸವನ್ನು ಒಂದು ಮಾತಿನಲ್ಲಿ ಹೇಳುವುದು ಕಷ್ಟ. ಕಥೆ ನಡೆಸುವವನು ಅವನೇ, ಪಾತ್ರಗಳನ್ನು ಮಾತಾಡಿಸುವವನು ಅವನೇ, ನಗಿಸುವವನೂ ಅವನೇ. ಹೊಸ ಪಾತ್ರ ಬಂದಾಗ ನಮ್ಮೆಲ್ಲರ ಪರವಾಗಿ ನಿಂತು, "ನೀವು ಯಾರು, ಎಲ್ಲಿಂದ ಬಂದ್ರಿ" ಎಂದು ಕೇಳುವವನೂ ಅವನೇ. ಹಾಲು ಮೊಸರಿನ ಗಡಿಗೆ ಹೊತ್ತ ಗೊಲ್ಲತಿ ಬಂದಾಗ ಇವರಿಬ್ಬರ ನಡುವೆ ನಡೆಯುವ ಮಾತಿನ ಮಲ್ಲಯುದ್ಧದಲ್ಲಿ ದ್ವಾರಕೆಯ ಹೆಸರಿರುವುದಿಲ್ಲ, ಈ ವರ್ಷದ ಕಬ್ಬಿನ ದರ ಇರುತ್ತದೆ, ಡೇರಿಯವರು ತೆಗೆಯುವ ಫ್ಯಾಟಿನ ಲೆಕ್ಕ ಇರುತ್ತದೆ, ಪಕ್ಕದ ಊರಿನವರ ಜಿಪುಣತನ ಇರುತ್ತದೆ. ಇದನ್ನು ಯಾರೂ ಬರೆದುಕೊಟ್ಟಿಲ್ಲ. ಆ ಊರಿಗೆ ಬಂದಿಳಿದ ಮೇಲೆ ಚಹಾದಂಗಡಿಯಲ್ಲಿ ಕೂತು ಸಂಜೆ ಹೊತ್ತಿಗೆ ಸಂಗ್ರಹಿಸಿದ್ದು.

ನಡುರಾತ್ರಿ ದಾಟಿದ ಮೇಲೆ ಸತ್ಯಭಾಮೆ ಬರುತ್ತಾಳೆ. ಅಲ್ಲಿಂದ ಆಟ ಹಾಡಿನ ವಶ. ಪಾರಿಜಾತದಲ್ಲಿ ಪಾತ್ರಧಾರಿ ತಾನೇ ಹಾಡಬೇಕು. ಕುಣಿಯುತ್ತ ಹಾಡಬೇಕು, ಅಳುತ್ತ ಹಾಡಬೇಕು, ಮೈಕು ಕೆಟ್ಟರೆ ಕೊನೆಯ ಸಾಲಿನ ಮುದುಕನಿಗೆ ಕೇಳುವಂತೆ ಹಾಡಬೇಕು. ಪದದ ಕೊನೆಯ ಸಾಲನ್ನು ಹಿಮ್ಮೇಳದವರು ಮೇಲಿನ ಸ್ವರದಲ್ಲಿ ಎತ್ತಿಕೊಂಡು ಎಳೆಯುತ್ತಾರೆ. ಅಷ್ಟರಲ್ಲಿ ಆಕೆ ಉಸಿರು ತೆಗೆದುಕೊಂಡು ಒಂದು ಸುತ್ತು ಹಾಕಿ ಮುಂದಿನ ನುಡಿಗೆ ಸಿದ್ಧಳಾಗುತ್ತಾಳೆ. ಈ ಹಾಡಿಕೆಯಲ್ಲಿ ಹಳೆಯ ಕನ್ನಡ ಮಟ್ಟುಗಳ ಜತೆಗೆ ಹಿಂದೂಸ್ತಾನಿಯ ತಾನುಗಳಿವೆ, ಮರಾಠಿ ನಾಟ್ಯಸಂಗೀತದ ನೆರಳೂ ಇದೆ. ಶಾಸ್ತ್ರ ಕಲಿತವರು ಕೇಳಿ ಇಂಥ ರಾಗವೆಂದು ಗುರುತಿಸುತ್ತಾರೆ, ಕಲಿಯದವರು ಸುಮ್ಮನೆ ಕಣ್ಣೊರೆಸಿಕೊಳ್ಳುತ್ತಾರೆ. ಕೃಷ್ಣ ಬಾಗಿಲಿಗೆ ಬಂದಾಗ ಆಕೆ ಆಡುವ ಮಾತು ಮಾತ್ರ ಅಪ್ಪಟ ಗೋಕಾವಿ ಮಾತು. ಸಂತೆಯಿಂದ ತಡವಾಗಿ ಬಂದ ಗಂಡನನ್ನು ಇಲ್ಲಿನ ಹೆಂಡತಿ ಯಾವ ಧಾಟಿಯಲ್ಲಿ ಕೇಳುತ್ತಾಳೋ ಅದೇ ಧಾಟಿ. ಕೌದಿಯಲ್ಲಿ ಕೂತ ಹೆಂಗಸರು ನಗುವುದು, ಪಕ್ಕದಲ್ಲಿರುವ ಗಂಡನ ಕಡೆ ನೋಡುವುದು ಆಗಲೇ.

ಈ ಆಟದ ಮಾತಿನಲ್ಲಿ ಒಂದು ಹೆಸರು ಬಿಟ್ಟರೆ ಪಾಪ ಬರುತ್ತದೆ. ಕೌಜಲಗಿ ನಿಂಗಮ್ಮ. ಕೌಜಲಗಿ ಕುಲಗೋಡದ ಸೀಮೆಯದೇ ಊರು. ಹೆಣ್ಣಿನ ಸೋಗನ್ನೂ ಗಂಡಸರೇ ಹಾಕುತ್ತಿದ್ದ ಬಯಲಾಟದ ಲೋಕದಲ್ಲಿ ಈ ಹೆಣ್ಣುಮಗಳು ಅಟ್ಟ ಹತ್ತಿ ಪಾರಿಜಾತಕ್ಕೆ ಮನೆಮಾತಿನ ಹೆಸರು ತಂದುಕೊಟ್ಟಳು. ಅವಳ ಕೊರಳನ್ನು ಕೇಳಿದವರು ಈಗ ಇಲ್ಲ. ಕೇಳಿದವರಿಂದ ಕೇಳಿದವರೂ ಕಡಿಮೆಯಾಗುತ್ತಿದ್ದಾರೆ. ಆದರೂ ಇವತ್ತು ಯಾವುದೇ ಮೇಳದ ಸತ್ಯಭಾಮೆ ಚೆನ್ನಾಗಿ ಹಾಡಿದರೆ ಹಿರಿಯರು ಹೊಗಳುವುದು ನಿಂಗಮ್ಮನ ಹೆಸರು ಹಿಡಿದೇ. ಹೆಣ್ಣು ಅಟ್ಟಕ್ಕೆ ಬಂದ ಮೇಲೆ ಸತ್ಯಭಾಮೆಯ ಸಿಟ್ಟಿಗೆ ಬೇರೆಯೇ ಕಾವು ಬಂತು ಎಂದು ನನಗೆ ಅನ್ನಿಸುತ್ತದೆ. ಹೂ ಯಾರಿಗೆ ಕೊಟ್ಟೆ ಎಂದು ಕೇಳುವ ಹಕ್ಕು ಅವಳ ಸ್ವಂತದ್ದಾಯಿತು.

ಹುಕ್ಕೇರಿ ತಾಲ್ಲೂಕಿನ ಘೋಡಗೇರಿ ಘಟಪ್ರಭೆಯ ದಂಡೆಯ ಊರು. 1937ರ ಜನವರಿ 2ರಂದು, ನಡು ಚಳಿಗಾಲದಲ್ಲಿ, ಚಂದ್ರಶೇಖರ ಕಂಬಾರರು ಹುಟ್ಟಿದ್ದು ಇಲ್ಲಿ. ಗೋಕಾಕಿನ ಹೈಸ್ಕೂಲಿನಲ್ಲಿ ಓದಿದರು. ಬಯಲಾಟ, ಸಣ್ಣಾಟ, ಡೊಳ್ಳಿನ ಪದಗಳನ್ನು ಕೇಳುತ್ತ ಬೆಳೆದ ಈ ಹುಡುಗ ಮುಂದೆ ಉತ್ತರ ಕರ್ನಾಟಕದ ಜನಪದ ರಂಗಭೂಮಿಯ ಬಗ್ಗೆಯೇ ಸಂಶೋಧನೆ ಮಾಡಿದರು, 'ಜೋಕುಮಾರಸ್ವಾಮಿ' ಬರೆದರು, 2010ನೇ ಸಾಲಿನ ಜ್ಞಾನಪೀಠ ಪಡೆದರು. ಅವರು ಹಾಡುಗಾರರೆಂಬುದನ್ನು ಓದುಗರು ಕೆಲವೊಮ್ಮೆ ಮರೆಯುತ್ತಾರೆ. 'ಕಾಡು ಕುದುರೆ' ಚಿತ್ರವನ್ನು ನಿರ್ದೇಶಿಸಿ ಸಂಗೀತ ಕೊಟ್ಟವರೂ ಅವರೇ. ಅದರ ಶೀರ್ಷಿಕೆಯ ಹಾಡಿಗೇ ಶಿವಮೊಗ್ಗ ಸುಬ್ಬಣ್ಣನವರಿಗೆ ರಾಷ್ಟ್ರಪ್ರಶಸ್ತಿ ಬಂತು. ಘೋಡಗೇರಿಯ ದಂಡೆಯಲ್ಲಿ ಕಿವಿಗೆ ಬಿದ್ದ ಮಟ್ಟು ದಿಲ್ಲಿಯವರೆಗೆ ಹೋದ ದಾರಿ ಇದು. ಕಾರು ಮಾಡಿಕೊಂಡು ಬಂದವರು ಈ ಊರಿಗೂ ಒಮ್ಮೆ ಹೋಗಿಬರಲಿ. ಅಲ್ಲಿ ದೊಡ್ಡ ಪ್ರೇಕ್ಷಣೀಯ ಸ್ಥಳವೇನೂ ಇಲ್ಲ. ಹೊಳೆ ಇದೆ, ಹೊಳೆಯ ದಂಡೆಯ ಹೊಲಗಳಿವೆ, ಕಂಬಾರರ ಕೃತಿಗಳಲ್ಲಿ ಬರುವ ಶಿವಾಪುರವನ್ನು ಓದಿದವರಿಗೆ ಗುರುತು ಹತ್ತುವ ಮಾತಿದೆ.

ಹುಕ್ಕೇರಿ ಎಂದಾಗ ಇನ್ನೊಂದು ಹೆಸರೂ ನೆನಪಾಗುತ್ತದೆ, ಬಾಳಪ್ಪ ಹುಕ್ಕೇರಿ. ಊರು ಇದೇ ಜಿಲ್ಲೆಯ ಮುರಗೋಡ, ಮನೆತನದ ಹೆಸರಷ್ಟೇ ಹುಕ್ಕೇರಿ. ಸಾವಿರ ಹಾಡುಗಳ ಸರದಾರ ಎಂದು ಜನ ಪ್ರೀತಿಯಿಂದ ಕರೆದ ಈ ಗಾಯಕ ಬೇಂದ್ರೆ, ಆನಂದಕಂದರ ಕವಿತೆಗಳನ್ನು ಹಳ್ಳಿಯ ಕಟ್ಟೆಗಳವರೆಗೆ ಹೊತ್ತು ತಂದರು. ಆನಂದಕಂದರ, ಎಂದರೆ ಬೆಟಗೇರಿ ಕೃಷ್ಣಶರ್ಮರ, ಮನೆತನದ ಊರು ಬೆಟಗೇರಿಯೂ ಗೋಕಾಕ ಸೀಮೆಯದೇ.

ಹಗಲಿನಲ್ಲಿ ಏನು ಮಾಡಬೇಕು ಎಂದು ಕೇಳುವವರಿಗೂ ಇಲ್ಲಿ ಕೊರತೆಯಿಲ್ಲ. ಘಟಪ್ರಭಾ ನಿಲ್ದಾಣದ ಹತ್ತಿರ ಧುಪದಾಳದಲ್ಲಿ ಬ್ರಿಟಿಷರ ಕಾಲದ ಅಡ್ಡಗಟ್ಟೆಯಿದೆ. ಅದರ ಹಿನ್ನೀರಿನ ಪಕ್ಷಿಧಾಮಕ್ಕೆ ನವೆಂಬರಿನಿಂದ ಮಾರ್ಚಿನವರೆಗೆ ಬಹುದೂರದ ಅತಿಥಿಗಳು ಬಂದಿಳಿಯುತ್ತಾರೆ. ಮಧ್ಯ ಏಷ್ಯಾದ ಹುಲ್ಲುಗಾವಲುಗಳಿಂದ ಹಿಮಾಲಯ ದಾಟಿ ಬರುವ ಕರ್ಕರ ಕೊಕ್ಕರೆಗಳು, ಯುರೋಪಿನ ಬಿಳಿ ಕೊಕ್ಕರೆಗಳು. ಕರ್ಕರಗಳು ಹಿಂಡುಗಟ್ಟಿ ಕೂಗುವುದನ್ನು ಮುಂಜಾನೆ ಏಳು ಗಂಟೆಯೊಳಗೆ ಹೋದರೆ ಕೇಳಬಹುದು. ನೀರಿನ ಮೇಲೆ ಮಂಜಿದ್ದರೆ ಹಕ್ಕಿ ಕಾಣುವುದಿಲ್ಲ, ಕೂಗು ಮಾತ್ರ ಬರುತ್ತಿರುತ್ತದೆ. ಮೇಲೆ ಹಿಡಕಲ್ಲಿನಲ್ಲಿ ಲಖಮಗೌಡರ ಹೆಸರಿನ ದೊಡ್ಡ ಜಲಾಶಯ. ಹುಕ್ಕೇರಿ ಪೇಟೆಯಲ್ಲಿ ಆದಿಲ್‌ಶಾಹಿ ಕಾಲದ ಗುಮ್ಮಟಗಳು. ಗೋಕಾಕಿನಿಂದ ದಕ್ಷಿಣಕ್ಕೆ ಗೊಡಚಿನಮಲ್ಕಿಯಲ್ಲಿ ಮಾರ್ಕಂಡೇಯ ನದಿ ಎರಡು ಮೆಟ್ಟಿಲಾಗಿ ಇಳಿಯುತ್ತದೆ. ಚಳಿಗಾಲದಲ್ಲಿ ಕಲ್ಲುಗಳ ಮೇಲೆ ಜೋಪಾನವಾಗಿ ನಡೆದು ಹತ್ತಿರ ಹೋಗಲು ಬರುತ್ತದೆ.

ತಿನ್ನುವ ವಿಷಯಕ್ಕೆ ಬಂದರೆ ಎಲ್ಲರೂ ಮೊದಲು ಹೇಳುವುದು ಕರದಂಟು. ತುಪ್ಪದಲ್ಲಿ ಅಂಟನ್ನು ಕರಿದರೆ ಅದು ಅರಳಿ ಹಗುರಾಗುತ್ತದೆ. ಒಣಕೊಬ್ಬರಿ, ಗೋಡಂಬಿ, ಬದಾಮಿ, ಉತ್ತತ್ತಿ, ಗಸಗಸೆಗಳನ್ನು ಅದರೊಡನೆ ಬೆಲ್ಲದ ಪಾಕಕ್ಕೆ ಹಾಕಿ ತಟ್ಟಿ ಕೊಯ್ಯುತ್ತಾರೆ. ಬಾಣಂತಿಯರಿಗೆ ಕೊಡುವ ಈ ತಿನಿಸು ಥಂಡಿಯಲ್ಲಿ ಎಲ್ಲರಿಗೂ ಬೇಕು, ಮೈಗೆ ಕಾವು ಕೊಡುತ್ತದೆ. ಗೋಕಾಕ ಪೇಟೆಯಲ್ಲಿ ಡಬ್ಬಿಯಲ್ಲಿ ತುಂಬಿಟ್ಟದ್ದನ್ನು ಕೊಳ್ಳುವುದಕ್ಕಿಂತ, ಬೆಳಗ್ಗೆ ಕೊಯ್ದಿಟ್ಟ ತುಂಡನ್ನು ಅಂಗಡಿಯ ಮುಂದೆಯೇ ನಿಂತು ತಿನ್ನಬೇಕೆಂಬುದು ನನ್ನ ಸಲಹೆ. ಅದೇ ಪೇಟೆಯಲ್ಲಿ ಗೋಕಾಕದ ಗೊಂಬೆಗಳು ಸಿಗುತ್ತವೆ. ಬಣ್ಣ ಬಳಿದ ಹಣ್ಣು, ತರಕಾರಿಗಳನ್ನು ಕೈಗೆತ್ತಿಕೊಳ್ಳುವವರೆಗೂ ನಿಜವೆಂದೇ ತಿಳಿಯಬೇಕು.

ಆದರೆ ಚಳಿಗಾಲದ ನಿಜವಾದ ಊಟ ಹೊಲದಲ್ಲಿದೆ. ಮೂಡಲಗಿ, ಕೌಜಲಗಿಯ ಕಡೆ ಕರಿ ಎರೆ ಭೂಮಿಯಲ್ಲಿ ಹಿಂಗಾರಿ ಜೋಳ ಹಾಲುಗಾಳಾಗುವ ಹೊತ್ತು ಜನವರಿ. ಆಗ ಎಳೆಯ ತೆನೆಗಳನ್ನು ಕೊಯ್ದು ಕುಳ್ಳಿನ ಕೆಂಡದಲ್ಲಿ ಸುಟ್ಟು, ಬಿಸಿಯಿರುವಾಗಲೇ ಅಂಗೈಯಲ್ಲಿ ತಿಕ್ಕಿ, ಊದಿ, ಹಸಿರು ಕಾಳುಗಳನ್ನು ಕೈಗೆ ಸುರಿಯುತ್ತಾರೆ. ಇದೇ ಸೀತ್ನಿ. ಜತೆಗೆ ಶೇಂಗಾ ಚಟ್ನಿ, ಬೆಲ್ಲ, ಒಣಕೊಬ್ಬರಿ. ವರ್ಷದಲ್ಲಿ ಕೆಲವೇ ವಾರ ಇದು ಸಿಗುತ್ತದೆ. ಯಾವ ಹೋಟೆಲಿನಲ್ಲೂ ಸಿಗುವುದಿಲ್ಲ, ಯಾರಾದರೂ ಕರೆಯಬೇಕು. ಎಳ್ಳ ಅಮಾವಾಸ್ಯೆಯ ದಿನ ಮನೆಮಂದಿಯೆಲ್ಲ ಬಂಡಿ, ಟ್ರ್ಯಾಕ್ಟರು ಹತ್ತಿ ಹೊಲಕ್ಕೆ ಹೋಗಿ, ಐದು ಕಲ್ಲಿಟ್ಟು ಪಾಂಡವರೆಂದು ಪೂಜಿಸಿ, ಬೆಳೆಗೆ ಚರಗ ಚೆಲ್ಲಿ, ಎಳ್ಳು ಹಚ್ಚಿದ ಸಜ್ಜಿ ರೊಟ್ಟಿ, ಎಣ್ಣೆಗಾಯಿ, ಶೇಂಗಾ ಹೋಳಿಗೆ, ಪುಂಡಿ ಪಲ್ಯೆ ಬಿಚ್ಚುತ್ತಾರೆ. ಆ ದಿನ ಈ ಸೀಮೆಯ ರಸ್ತೆಯಲ್ಲಿ ನಡೆದುಹೋಗುವ ಯಾವ ಅಪರಿಚಿತನೂ ಉಪವಾಸ ಇರಲಾರ. ಸಂಕ್ರಾಂತಿಗೆ ಇದೇ ಬುತ್ತಿ ಹೊಳೆಯ ದಂಡೆಗೆ ಹೋಗುತ್ತದೆ.

ಜಾತ್ರೆಗಳಲ್ಲಿ ಕರಡಿ ಮಜಲು ಬರುತ್ತದೆ. ಗಟ್ಟಿ ಚರ್ಮದ ಕರಡಿ ವಾದ್ಯವನ್ನು ಕೊರಳಿಗೆ ಹಾಕಿಕೊಂಡು, ಎದುರು ಬದುರು ಎರಡು ಸಾಲಾಗಿ ನಿಂತು ಬಾರಿಸುತ್ತ, ಬಾಗುತ್ತ, ಜಿಗಿಯುತ್ತ ಮುಂದೆ ಸಾಗುತ್ತಾರೆ. ನಡುವೆ ಸನಾದಿಯ ಕೊರಳು. ಪಲ್ಲಕ್ಕಿ ಹಿಂದೆ ಬರುತ್ತದೆ. ಮೊದಮೊದಲು ನಡೆಯುವ ವೇಗದ ತಾಳ, ಗುಡಿ ಹತ್ತಿರವಾದಂತೆ ಬಿರುಸು, ಗುಡಿಯ ಮುಂದೆ ನಿಂತಾಗ ಎದೆಯೊಳಗೇ ಬಡಿದಂತಾಗುವ ಪೆಟ್ಟು. ಇದನ್ನು ದೂರ ನಿಂತು ಮೊಬೈಲಿನಲ್ಲಿ ಹಿಡಿಯಲು ಹೋಗಬೇಡಿ. ಬಳಗದ ಬೆನ್ನಿಗೇ ನಡೆಯಬೇಕು.

ಹೊಸ್ತಿಲ ಹುಣ್ಣಿಮೆಯಿಂದ ಭಾರತ ಹುಣ್ಣಿಮೆಯವರೆಗೆ ಸವದತ್ತಿ ಎಲ್ಲಮ್ಮನ ಗುಡ್ಡಕ್ಕೆ ಹೋಗುವವರ ದಾರಿಯೂ ಈ ಸೀಮೆಯ ಮೇಲಿನದೇ. ಕೊಲ್ಹಾಪುರ, ಚಿಕ್ಕೋಡಿ, ಹುಕ್ಕೇರಿಯ ಕಡೆಯ ಕುಟುಂಬಗಳು ಇಂದಿಗೂ ಕೊಲ್ಲಾರಿ ಬಂಡಿ ಕಟ್ಟುತ್ತವೆ. ಎತ್ತಿನ ಕೋಡಿಗೆ ಬಣ್ಣ, ಕೊರಳಿಗೆ ಗೆಜ್ಜೆ ಸರ, ಬಂಡಿಯೊಳಗೆ ರೊಟ್ಟಿಯ ಗಂಟು. ರಾತ್ರಿ ರಸ್ತೆಯ ಬದಿ ಬಂಡಿ ಬಿಟ್ಟು ಒಲೆ ಹೂಡುತ್ತಾರೆ. ಆಗ ಚೌಡಕಿ ಹೊರಬರುತ್ತದೆ. ಒಂದೇ ತಂತಿಯನ್ನು ಬೆರಳಿನಿಂದ ಬಿಗಿದು ಸಡಿಲಿಸಿ ಮೀಟುತ್ತ ಎಲ್ಲಮ್ಮನ ಕಥೆ ಹಾಡುವವರು ಜೋಗತಿಯರು. ಅವರ ಬದುಕಿನ ಕಷ್ಟ ದೊಡ್ಡದು. ದೇವರ ಹೆಸರಿನಲ್ಲಿ ಅವರಿಗೆ ಆದ ಅನ್ಯಾಯವನ್ನು ಹಾಡಿನ ಸೊಗಸಿನಲ್ಲಿ ಮುಚ್ಚಬಾರದು. ಅವರ ಹಾಡನ್ನು ಮಾತ್ರ ತಲೆಬಾಗಿ ಕೇಳಬೇಕು. ಆ ತಂತಿಯಿಂದ ಅವರು ಹೊರಡಿಸುವ ಏರಿಳಿತ ದೊಡ್ಡ ವಿದ್ವಾಂಸರನ್ನೂ ಬೆರಗುಗೊಳಿಸಿದೆ.

ಶಿವರಾತ್ರಿಯ ಹೊತ್ತಿಗೆ ಹುಕ್ಕೇರಿ ತಾಲ್ಲೂಕಿನ ನಿಡಸೋಸಿಯ ದುರದುಂಡೀಶ್ವರ ಮಠದಲ್ಲಿ ಜನ ಸೇರುತ್ತಾರೆ, ದಾಸೋಹ ನಡೆಯುತ್ತದೆ. ಅಷ್ಟರಲ್ಲಿ ಬಿಸಿಲು ಚುರುಕಾಗಿರುತ್ತದೆ. ಕಾರ್ಖಾನೆಗಳು ಒಂದೊಂದಾಗಿ ಅರೆಯುವುದನ್ನು ನಿಲ್ಲಿಸುತ್ತವೆ, ಬೀಡ ಜಿಲ್ಲೆಯಿಂದ ಬಂದ ಕಬ್ಬು ಕಡಿಯುವ ಗ್ಯಾಂಗುಗಳು ಗುಡಿಸಲು ಕಿತ್ತು ಊರಿಗೆ ಹೊರಡುತ್ತವೆ.

ಪಾರಿಜಾತದ ಬಗ್ಗೆ ಇನ್ನೊಂದು ಮಾತು ಉಳಿದಿದೆ. ಒಂದು ರಾತ್ರಿಯ ಆಟಕ್ಕೆ ಹತ್ತು ಹನ್ನೆರಡು ಜನರ ದುಡಿಮೆ ಬೇಕು. ಹಗಲು ಅವರೆಲ್ಲ ಬೇರೆ ಕೆಲಸದವರು. ಊರಿನವರು ಪಟ್ಟಿ ಎತ್ತಿ, ಎಲೆ ಅಡಿಕೆ ಕೊಟ್ಟು ಅವರನ್ನು ಕರೆಸಬೇಕು. ಈಗ ಅದೇ ಪಟ್ಟಿಯ ದುಡ್ಡಿಗೆ ಡಿಜೆ ಬರುತ್ತದೆ, ರಸಮಂಜರಿ ಬರುತ್ತದೆ. ಹುಡುಗರಿಗೆ ಅದೇ ಇಷ್ಟ. ಅವರನ್ನು ಬೈದು ಪಾರಿಜಾತ ಉಳಿಯುವುದಿಲ್ಲ, ಕೂತು ನೋಡುವವರಿದ್ದರೆ ಉಳಿಯುತ್ತದೆ. ಪರಸ್ಥಳದಿಂದ ಬಂದವರು ಹಿಂದಿನ ಸಾಲಿನಲ್ಲಿ ಬೆಳತನಕ ಕೂತರೂ ಅಟ್ಟದ ಮೇಲಿನವರಿಗೆ ಅದು ಕಾಣುತ್ತದೆ, ಹಾಡಿನಲ್ಲಿ ಹುರುಪು ಬರುತ್ತದೆ. ಇದಕ್ಕೆ ಟಿಕೀಟು ಇರುವುದಿಲ್ಲ, ಮೊದಲೇ ಜಾಹೀರಾತೂ ಬರುವುದಿಲ್ಲ. ಗೋಕಾಕ, ಮೂಡಲಗಿಯ ಬಸ್‌ಸ್ಟ್ಯಾಂಡಿನ ಚಹಾದಂಗಡಿಗಳಲ್ಲಿ, "ಇವತ್ತ ರಾತ್ರಿ ಎಲ್ಲಿ ಆಟ ಐತ್ರಿ ಕಾಕಾ" ಎಂದು ವಿಚಾರಿಸಬೇಕು. ಕಂಬಳಿಯಿಲ್ಲದೆ ಹೋಗಬೇಡಿ, ಬೆಳಗಿನ ಜಾವ ಉಷ್ಣತೆ 12, 13 ಡಿಗ್ರಿಗೆ ಇಳಿದಿರುತ್ತದೆ. ಹಾಡು ಮೆಚ್ಚಿಗೆಯಾದರೆ ನೂರೋ ಐದುನೂರೋ ಭಾಗವತನ ಕೈಗೆ ಕೊಡಿ. ಅವನು ಆಟ ನಿಲ್ಲಿಸಿ, ಕೊಟ್ಟವರ ಹೆಸರು, ಊರು ಎರಡನ್ನೂ ಮೈಕಿನಲ್ಲಿ ಕೂಗಿ ಹೇಳುತ್ತಾನೆ. ಊರಿನ ಹೆಸರನ್ನು ಅವನಿಗೆ ಬಿಡಿಸಿ ಹೇಳಿ, ಅಷ್ಟು ದೂರದಿಂದ ಬಂದಾರಂತ ಎಂದು ಕೌದಿಯಲ್ಲಿ ಕೂತವರೆಲ್ಲ ಹಿಂದಿರುಗಿ ನೋಡಲಿ.